ಕ್ಯಾನನ್ 10-18 ಲೆನ್ಸ್: ಓಣಿಗೆ ಸೈ, ನದಿ ದಂಡೆಗೆ ಬೇರೆಯದು ಬೇಕು

ಹಳೆಯ ಓಣಿಗಳ ಫೋಟೊ ತೆಗೆಯುವ ಹುಚ್ಚು ಇರುವವರು ಕ್ಯಾನನ್ ಡಿಎಸ್ಎಲ್ಆರ್ ಕ್ಯಾಮೆರಾಗಳ ಈ ಇಎಫ್-ಎಸ್ 10-18 ಎಂಎಂ ವೈಡ್ ಲೆನ್ಸನ್ನು (ತುಂಬಾ ಅಗಲದ ನೋಟ ಹಿಡಿಯುವುದು) ಕಣ್ಣು ಮುಚ್ಚಿ ತೊಗೊಳ್ಳಬಹುದು. ಆದರೆ ಇದೊಂದನ್ನೇ ನಂಬಿಕೊಂಡು ನದಿ ದಂಡೆಗೆ ಮಾತ್ರ ಹೋಗಬೇಡಿ.

ನಾನು ಇದನ್ನು ಕೊಂಡಿದ್ದೇ ನಮ್ಮ ವಿಜಯಪುರದ ಮೆಹತರ್ ಮಹಲ್‌ಗೋಸ್ಕರ. ನೋಡಿದವರಿಗೆ ಗೊತ್ತು, ಅಲ್ಲಿ ಹಿಂದೆ ಸರಿಯೋಣ ಅಂದರೆ ಜಾಗವೇ ಇಲ್ಲ. ಕಟ್ಟಿಗೆಯಲ್ಲಿ ಕೆತ್ತಿದ ಹಾಗೆ ಕಾಣುವ ಕಲ್ಲಿನ ಬಾಲ್ಕನಿ ತಲೆ ಮೇಲೇ ಚಾಚಿಕೊಂಡಿರುತ್ತದೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲಿ ಬಾಗಿಲು ಬಂದರೆ ಮಿನಾರು ಬರಲ್ಲ, ಮಿನಾರು ಬಂದರೆ ಬಾಗಿಲು ಬರಲ್ಲ. ಇದರಲ್ಲಿ ಎರಡೂ ಬಂದವು. ಆಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಮ್ಮನ ಮನೆಗೆ ಹೋದಾಗ ಇದೇ ಲೆನ್ಸ್ ಹಾಕಿಕೊಂಡು ಯಾರ್ಕ್ ಸುತ್ತಿದೆ. ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಆಗಲ್ಲ. ಲೆನ್ಸ್ ತೂಕ ಬರೀ 240 ಗ್ರಾಂ, ದಿನವಿಡೀ ನಡೆದರೂ ಕುತ್ತಿಗೆ ನೋಯಲಿಲ್ಲ.

ಯಾರ್ಕ್‌ನಲ್ಲಿ ಶ್ಯಾಂಬಲ್ಸ್ ಅಂತ ಒಂದು ಓಣಿ ಇದೆ. ಹಿಂದೆ ಕಟುಕರ ಅಂಗಡಿಗಳ ಸಾಲು ಇದ್ದ ಜಾಗ. ಅಲ್ಲಿನ ಸುಮಾರು ಮನೆಗಳು 14, 15ನೇ ಶತಮಾನದವು, ಮರದ ಚೌಕಟ್ಟಿನವು. ಕೆಳಗಿನ ಅಂತಸ್ತಿಗಿಂತ ಮೇಲಿನದು ಮುಂದಕ್ಕೆ ಚಾಚಿ, ಕೆಲವು ಕಡೆ ಎದುರುಬದುರು ಮನೆಗಳ ಸೂರುಗಳು ಇನ್ನೇನು ತಾಗಿಬಿಡುತ್ತವೆ ಅನ್ನೋ ಹಾಗಿವೆ. ಮಾಂಸ ನೇತು ಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು, ಮಾಂಸ ಹರಡುತ್ತಿದ್ದ ಅಗಲವಾದ ಕಿಟಕಿ ಹಲಗೆಗಳು ಈಗಲೂ ಕೆಲವು ಅಂಗಡಿಗಳ ಮುಂದೆ ಉಳಿದಿವೆ. ಈ ಲೆನ್ಸ್ 22 ಸೆಂಟಿಮೀಟರ್ ಹತ್ತಿರದಿಂದಲೂ ಫೋಕಸ್ ಮಾಡುತ್ತದೆ. ಹಾಗಾಗಿ ಒಂದು ಹಲಗೆಯ ಪಕ್ಕದಲ್ಲೇ ಕ್ಯಾಮೆರಾ ಹಿಡಿದು 10 ಎಂಎಂನಲ್ಲಿ (ಇದರ ಅತಿ ಅಗಲದ ನೋಟ), ಎಫ್8ರಲ್ಲಿ (ಲೆನ್ಸಿನ ತೆರಪು ಸ್ವಲ್ಪ ಕಿರಿದು ಮಾಡಿ, ಹತ್ತಿರದ್ದೂ ದೂರದ್ದೂ ಸ್ಪಷ್ಟ ಬರುವ ಹಾಗೆ) ತೆಗೆದೆ. ಮರದ ಸವೆತ, ಗೀರು ಎಲ್ಲ ಎದುರಿಗೇ ದೊಡ್ಡದಾಗಿ ಕಾಣುತ್ತವೆ, ಹಿಂದೆ ಇಡೀ ಓಣಿ ಬಾಗುತ್ತಾ ಹೋಗುತ್ತದೆ. ಈ ಲೆನ್ಸ್‌ಗೆ ಕೊಟ್ಟ ದುಡ್ಡು ನನಗೆ ಅದೊಂದೇ ಫೋಟೊದಲ್ಲಿ ಬಂತು.

ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವೈಡ್ ಲೆನ್ಸನ್ನು ಮೇಲಕ್ಕೆ ಎತ್ತಿ ಹಿಡಿದರೆ ಕಟ್ಟಡಗಳು ಹಿಂದಕ್ಕೆ ಬೀಳುವ ಹಾಗೆ ವಾಲುತ್ತವೆ, ಇದು ಎಲ್ಲರಿಗೂ ಗೊತ್ತು. ಶ್ಯಾಂಬಲ್ಸ್‌ನಲ್ಲಿ ಮನೆಗಳೇ ನಿಜವಾಗಿ ವಾಲಿಕೊಂಡಿವೆ. ಲೆನ್ಸ್ ಅದನ್ನು ಇನ್ನಷ್ಟು ವಾಲಿಸಿಬಿಟ್ಟರೆ ಆರುನೂರು ವರ್ಷದ ಮರ ಬಾಗಿದ್ದು ಎಷ್ಟು, ನಾವು ಬಾಗಿಸಿದ್ದು ಎಷ್ಟು ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಸ್ಕ್ರೀನ್ ಮೇಲೆ ಗ್ರಿಡ್ ಗೆರೆ ಹಾಕಿಕೊಂಡು, ಕ್ಯಾಮೆರಾ ನೇರವಾಗಿ ಹಿಡಿದು, ಕೆಳಗೆ ಜಾಸ್ತಿ ಬಂದ ರಸ್ತೆಯನ್ನು ಆಮೇಲೆ ಕತ್ತರಿಸಿ. ಜನ ಜಾಸ್ತಿ ಇದ್ದರೆ ಸ್ಕ್ರೀನ್ ಕೆಳಕ್ಕೆ ಮಡಚಿ ಕ್ಯಾಮೆರಾ ತಲೆ ಮೇಲೆ ನೇರವಾಗಿ ಹಿಡಿಯಿರಿ. ಅಲ್ಲಿ ಜನ ಯಾವಾಗಲೂ ಜಾಸ್ತಿಯೇ, ಬೆಳಗ್ಗೆ ಬೇಗ ಹೋದರೆ ಒಳ್ಳೆಯದು.

ಇನ್ನು ಯಾರ್ಕ್ ನಡುವೆ ಹರಿಯುವ ಔಸ್ ನದಿಯ ದಂಡೆ. ಗಿಲ್ಡ್‌ಹಾಲ್ ಅಂತ 15ನೇ ಶತಮಾನದ ಕಲ್ಲಿನ ಕಟ್ಟಡ ನೀರಿನ ಅಂಚಿನಲ್ಲೇ ಎದ್ದು ನಿಂತಿದೆ. 1942ರಲ್ಲಿ ಜರ್ಮನ್ ಬಾಂಬ್ ದಾಳಿಯಲ್ಲಿ ಸುಟ್ಟು, ಮತ್ತೆ ಕಟ್ಟಿದ್ದು. ಎದುರು ದಂಡೆಯ ನಾರ್ತ್ ಸ್ಟ್ರೀಟ್ ಗಾರ್ಡನ್ಸ್‌ನಲ್ಲಿ ನಿಂತರೆ ಸಂಜೆ ಬಿಸಿಲು ಅದರ ಮುಖಕ್ಕೇ ಬೀಳುತ್ತದೆ. ಆದರೆ 10 ಎಂಎಂನಲ್ಲಿ ಅರ್ಧ ಆಕಾಶ, ಅರ್ಧ ನೀರು, ನಡುವೆ ಗಿಲ್ಡ್‌ಹಾಲ್ ಒಂದು ಸಣ್ಣ ಪಟ್ಟಿ. 18ರಲ್ಲೂ ಅಷ್ಟಕ್ಕಷ್ಟೇ. ಅಲ್ಲಿ ದೂರದ್ದನ್ನು ಹತ್ತಿರ ತರುವ 55-250 ಜೂಮ್ ಲೆನ್ಸ್ ಹಾಕಿಕೊಳ್ಳಿ. ಅಕ್ಟೋಬರ್ ಕೊನೆಗೆ ಹೋದರೆ ಆರಕ್ಕೂ ಮುಂಚೆ ಸೂರ್ಯ ಮುಳುಗುತ್ತದೆ, ನೆನಪಿರಲಿ.

ದಂಡೆಯಲ್ಲಿ ಈ ಲೆನ್ಸ್ ಮತ್ತೆ ಕೆಲಸಕ್ಕೆ ಬಂದಿದ್ದು ಕಿಂಗ್ಸ್ ಆರ್ಮ್ಸ್ ಪಬ್ ಒಳಗೆ. ನದಿ ಉಕ್ಕಿದಾಗಲೆಲ್ಲ ನೀರು ನುಗ್ಗುವ ಜಾಗ ಅದು. ಯಾವ ವರ್ಷ ನೀರು ಎಲ್ಲಿಯವರೆಗೆ ಬಂತು ಅಂತ ಒಳಗೆ ಗುರುತು ಹಾಕಿದ್ದಾರೆ. 2000ದಲ್ಲಿ ಔಸ್ ಮಾಮೂಲಿ ಮಟ್ಟಕ್ಕಿಂತ 5.4 ಮೀಟರ್ ಏರಿತ್ತು. ಭೀಮಾ ದಂಡೆಯ ಊರಿನವರಿಗೆ ಇಂಥ ಗುರುತು ನೋಡಿದರೆ ಏನನ್ನಿಸುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಒಳಗೆ ಬೆಳಕು ಕಡಿಮೆ, ಲೆನ್ಸ್ ಎಫ್4.5ಕ್ಕಿಂತ ಜಾಸ್ತಿ ತೆರೆಯಲ್ಲ, ಆದರೂ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸರ್ ಇರೋದರಿಂದ ಟ್ರೈಪಾಡ್ ಇಲ್ಲದೆ 1/8 ಸೆಕೆಂಡಿನಲ್ಲಿ ಗೋಡೆ ಚೆನ್ನಾಗಿ ಬಂತು. ಓಡಾಡುವ ಜನ ಮಾತ್ರ ಅಲ್ಲಾಡಿದ ಹಾಗೆ ಬರುತ್ತಾರೆ, ಅದಕ್ಕೆ ಸ್ಟೆಬಿಲೈಸರ್ ಏನೂ ಮಾಡಲ್ಲ.

ಲೆನ್ಸನ್ನು ಕ್ಯಾಮೆರಾಗೆ ಸಿಕ್ಕಿಸುವ ಮೌಂಟ್ ಪ್ಲಾಸ್ಟಿಕ್ಕಿನದು. ಅಡ್ಡ ಬೆಳಕು ತಡೆಯುವ ಹುಡ್ ಬಾಕ್ಸಿನಲ್ಲಿ ಬರಲ್ಲ, ಬೇರೆ ಕೊಳ್ಳಬೇಕು. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಹಾಕಿದರೆ ಇಷ್ಟು ಅಗಲದ ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು ಬರುತ್ತದೆ, ಹಾಗಾಗಿ ಸುಮ್ನೆ ದುಡ್ಡು ಹಾಕಬೇಡಿ. ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗೆ ಇದು ಕೂರಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಿಮ್ಮ ಕ್ಯಾಮೆರಾ ತೊಗೊಂಡೇ ಹೋಗಿ. ಇದರ ಫೋಕಸ್ ರಿಂಗ್ ಕೆಲಸ ಮಾಡೋದು ಕರೆಂಟ್ ಮೇಲೆ, ಲೆನ್ಸನ್ನು ಕ್ಯಾಮೆರಾಗೆ ಹಾಕಿ ಆನ್ ಮಾಡದೆ ಬರೀ ಕೈಯಲ್ಲಿ ತಿರುಗಿಸಿ ನೋಡಿದರೆ ಏನೂ ಗೊತ್ತಾಗಲ್ಲ.