‘8 ಚಾನೆಲ್ ಯುಎಸ್‌ಬಿ ಮಿಕ್ಸರ್’ ಕೊಳ್ಳುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ಜಾಸ್ತಿ ದುಡ್ಡು ಹಾಕಲು ಆಗುವುದಿಲ್ಲ ಎಂದು ಯುಎಸ್‌ಬಿ ಮಿಕ್ಸರ್ (ಹಲವು ಮೈಕ್‌ಗಳ ಸದ್ದನ್ನು ಸೇರಿಸಿ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕಳಿಸುವ ಸಾಧನ) ಹುಡುಕುತ್ತಿದ್ದೀರಾ? ಹಾಗಿದ್ದರೆ ದಯವಿಟ್ಟು ಒಂದು ವಿಷಯ ತಿಳಿದುಕೊಂಡು ಅಂಗಡಿಗೆ ಹೋಗಿ. ಪೆಟ್ಟಿಗೆಯ ಮೇಲೆ ಎಂಟು ಚಾನೆಲ್ (ಮೈಕ್, ವಾದ್ಯದ ಸದ್ದು ಒಳಗೆ ಬರುವ ದಾರಿ) ಎಂದಿದ್ದರೂ ಕಂಪ್ಯೂಟರ್‌ಗೆ ಎಂಟು ಟ್ರ್ಯಾಕ್ (ಬೇರೆ ಬೇರೆಯಾಗಿ ಉಳಿಯುವ ರೆಕಾರ್ಡಿಂಗ್) ಬರಲೇಬೇಕೆಂದಿಲ್ಲ. ಕಡಿಮೆ ಬೆಲೆಯ ಮಿಕ್ಸರ್‌ಗಳಲ್ಲಿ ಬಹುತೇಕ ಎಲ್ಲವೂ ಎಂಟನ್ನೂ ಒಳಗೇ ಕಲಸಿ ಎಡ, ಬಲ ಎಂದು ಎರಡೇ ಟ್ರ್ಯಾಕ್ ಕಳಿಸುತ್ತವೆ. ಇದನ್ನು ತಾವಾಗಿ ಹೇಳುವ ಅಂಗಡಿಯವರು ಕಡಿಮೆ. ಕೇಳಿದರೂ ತಪ್ಪು ಹೇಳುವವರಿದ್ದಾರೆ. ನಮಗೆ ಆಗಿದ್ದು ಅದೇ.

ನಮ್ಮ ಸೋದರತ್ತೆಗೆ ಹಳೆಯ ಮದುವೆ ಹಾಡುಗಳು ತುಂಬಾ ಬರುತ್ತವೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಛೇಡಿಸುವ ಹಾಡು, ತೊಟ್ಟಿಲ ಹಾಡು. ಎಲ್ಲ ಅವರ ಅಮ್ಮನಿಂದ ಬಾಯಿಂದ ಬಾಯಿಗೆ ಬಂದದ್ದು. ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ಬರುವುದಿಲ್ಲ. ಅವರ ಧ್ವನಿ ಗಟ್ಟಿಯಾಗಿರುವಾಗಲೇ ರೆಕಾರ್ಡ್ ಮಾಡಿಡೋಣ ಎಂದು ಮನೆಯವರೆಲ್ಲ ಸೇರಿ ದುಡ್ಡು ಹಾಕಿದೆವು. ಅತ್ತೆಗೊಂದು ಮೈಕ್, ಜೊತೆಗೆ ಹಾಡುವ ಅಕ್ಕನಿಗೊಂದು, ಮಾವನ ಹಾರ್ಮೋನಿಯಂಗೊಂದು, ಪಕ್ಕದ ಮನೆಯ ಹುಡುಗನ ತಬಲಾಕ್ಕೊಂದು. ನಾಲ್ಕೂ ಬೇರೆ ಬೇರೆ ಟ್ರ್ಯಾಕ್ ಆಗಿ ಬಂದರೆ ಆಮೇಲೆ ನಿಧಾನವಾಗಿ ಕೂತು ತಬಲಾ ಇಳಿಸಿ, ಅತ್ತೆಯ ಧ್ವನಿ ಏರಿಸಬಹುದು ಎಂಬುದು ಲೆಕ್ಕ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಇದನ್ನೇ ಬಿಡಿಸಿ ಹೇಳಿದೆ. “ನಾಲ್ಕು ಮೈಕ್ ಹಾಕ್ತೀವಿ, ಲ್ಯಾಪ್‌ಟಾಪಲ್ಲಿ ನಾಲ್ಕೂ ಬೇರೆ ಬೇರೆ ಬರಬೇಕು.” “ಬರತ್ತೆ ಮೇಡಂ. ನಾಲ್ಕಲ್ಲ, ಎಂಟೂ ಬರತ್ತೆ. ಯುಎಸ್‌ಬಿ ಇದೆಯಲ್ಲ, ಆರಾಮಾಗಿ ತಗೊಂಡು ಹೋಗಿ” ಎಂದರು. ಮಿಕ್ಸರ್ ಐದು ಸಾವಿರದೊಳಗೆ ಬಂತು.

ಮನೆಗೆ ಬಂದು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದರೆ ಕಾಣಿಸಿದ್ದು ಎರಡೇ ಚಾನೆಲ್. ಅಂಗಡಿಗೆ ಫೋನ್ ಮಾಡಿದೆ. “ಅದು ಡ್ರೈವರ್ ಹಾಕಿಲ್ಲ ಅದಕ್ಕೆ. ನೀವು ರೆಕಾರ್ಡ್ ಮಾಡ್ಕೊಳ್ಳಿ, ಡ್ರೈವರ್ ಕಳಿಸ್ತೀವಿ, ಆಮೇಲೆ ಎಲ್ಲ ಬೇರೆ ಮಾಡಬಹುದು” ಎಂದರು. (ಡ್ರೈವರ್ ಎಂದರೆ ಮಿಕ್ಸರ್ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಹಾಕುವ ಸಾಫ್ಟ್‌ವೇರ್.) ಅತ್ತೆ ಊರಿಂದ ಬಂದಿದ್ದರು. ತಬಲಾದ ಹುಡುಗನಿಗೆ ಪರೀಕ್ಷೆ ಹತ್ತಿರವಿತ್ತು. ಎಲ್ಲರೂ ಕೂತು ಹಾಡಿಬಿಟ್ಟರು. ಅಷ್ಟು ಚೆನ್ನಾಗಿ ಅತ್ತೆ ಹಾಡಿದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಕೇಳಿ ನೋಡಿದರೆ ತಬಲಾದ ಡಗ್ಗಾ ಬಿದ್ದಾಗಲೆಲ್ಲ ಅತ್ತೆಯ ಮಾತು ಮುಳುಗುತ್ತದೆ. ಅದನ್ನು ಇಳಿಸಲು ದಾರಿಯೇ ಇಲ್ಲ, ಏಕೆಂದರೆ ಅದು ಬೇರೆ ಟ್ರ್ಯಾಕ್ ಆಗಿಲ್ಲ. ಇನ್ನೊಂದು ಕಷ್ಟ, ಮಿಕ್ಸರ್‌ನಲ್ಲಿದ್ದ ಎಕೋ. ಹೆಡ್‌ಫೋನ್‌ನಲ್ಲಿ ಹಾಡುವವರಿಗೆ ಹಿತವಾಗಿರಲಿ ಎಂದು ಸ್ವಲ್ಪ ಎಕೋ ಇಟ್ಟಿದ್ದೆವು. ಅದೂ ಟ್ರ್ಯಾಕ್‌ನೊಳಗೇ ಸೇರಿತ್ತು. ಸಾರಿಗೆ ಬಿದ್ದ ಉಪ್ಪಿನ ಹಾಗೆ, ತೆಗೆಯಲು ಆಗಲಿಲ್ಲ. ಡ್ರೈವರ್ ಬರಲೇ ಇಲ್ಲ. ಬಂದಿದ್ದರೂ ಉಪಯೋಗವಿರಲಿಲ್ಲ. ಡೆಮಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಡಿನಿಂದ ಧ್ವನಿಯನ್ನು ಬೇರೆ ಮಾಡುತ್ತದೆ, ಅದನ್ನೂ ಹಾಕಿ ನೋಡಿದೆವು. ಅದು ಧ್ವನಿ, ಡ್ರಮ್ಸ್, ಬಾಸ್, ಉಳಿದದ್ದು ಎಂದು ನಾಲ್ಕು ಭಾಗ ಮಾಡುತ್ತದೆ. ತಬಲಾ ಸ್ವಲ್ಪ ಹೋಯಿತು. ಹಾರ್ಮೋನಿಯಂ ಮಾತ್ರ ಅತ್ತೆಯ ಧ್ವನಿಗೆ ಅಂಟಿಕೊಂಡೇ ಬಂತು, ಅದರ ಜೊತೆಗೆ ಅಕ್ಷರಗಳ ಅಂಚೂ ಕಿತ್ತುಹೋಯಿತು. ಹಾಡಿನ ಮಾತೇ ಮುಖ್ಯವಾದ ಕಡೆ ಇದು ದೊಡ್ಡ ನಷ್ಟ.

ಡ್ರೈವರ್‌ನಿಂದ ಏಕೆ ಆಗುವುದಿಲ್ಲ ಎಂದು ಹೇಳುತ್ತೇನೆ, ಯಾಕೆಂದರೆ ಈ ಉತ್ತರ ನಿಮಗೂ ಸಿಗಬಹುದು. ಮೈಕ್‌ನಿಂದ ಬರುವ ಸಿಗ್ನಲ್ ಅನಲಾಗ್. ಅದನ್ನು ಡಿಜಿಟಲ್ ಮಾಡಲು ಒಂದು ಕನ್ವರ್ಟರ್ ಬೇಕು. ನಾಲ್ಕು ಬೇರೆ ಟ್ರ್ಯಾಕ್ ಬೇಕಾದರೆ ಕನ್ವರ್ಟರ್‌ನಲ್ಲೂ ನಾಲ್ಕು ದಾರಿ ಬೇಕು. ಅಗ್ಗದ ಮಿಕ್ಸರ್‌ನಲ್ಲಿ ಇರುವುದು ಒಂದು ಸಣ್ಣ ಸ್ಟೀರಿಯೋ ಚಿಪ್, ಅದರಲ್ಲಿ ಎಡ, ಬಲ ಎರಡೇ ದಾರಿ. ಲ್ಯಾಪ್‌ಟಾಪ್‌ನಲ್ಲಿ ಮಿಕ್ಸರ್‌ನ ಹೆಸರಿನ ಬದಲು ‘ಯುಎಸ್‌ಬಿ ಆಡಿಯೋ ಕೋಡೆಕ್’ ಎಂದಷ್ಟೇ ಕಾಣಿಸಿದರೆ ಹೆಚ್ಚಾಗಿ ಇಂಥದೇ ಚಿಪ್, 16 ಬಿಟ್, 48 ಕಿಲೋಹರ್ಟ್ಸ್‌ನದು (ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ಎಂಬುದರ ಅಂಕಿಗಳು). ಮನೆಯ ರೆಕಾರ್ಡಿಂಗ್‌ಗೆ 16 ಬಿಟ್ ಸಾಕಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಇಲ್ಲದ ದಾರಿಯನ್ನು ಯಾವ ಡ್ರೈವರ್ರೂ ಹುಟ್ಟಿಸಲಾರದು.

ಎರಡು ಟ್ರ್ಯಾಕ್ ಕಳಿಸುವುದು ಮೋಸವೇನೂ ಅಲ್ಲ. ಒಳ್ಳೆಯ ಕಂಪನಿಗಳ ಮಿಕ್ಸರ್‌ಗಳೂ ಹಾಗಿವೆ, ಆದರೆ ಅವರು ಅದನ್ನು ಸ್ಪಷ್ಟವಾಗಿ ಬರೆಯುತ್ತಾರೆ. ಯಮಹಾ ಎಂಜಿ10ಎಕ್ಸ್‌ಯು ಹತ್ತು ಇನ್‌ಪುಟ್‌ನ ಮಿಕ್ಸರ್, ಯುಎಸ್‌ಬಿ ಮಾತ್ರ 2 ಇನ್, 2 ಔಟ್ ಎಂದೇ ಅದರ ವಿವರಣೆಯಲ್ಲಿದೆ, ಅಂದರೆ ಕಂಪ್ಯೂಟರ್‌ಗೆ ಹೋಗುವುದು ಎರಡು, ವಾಪಸ್ ಬರುವುದು ಎರಡು. ಸೌಂಡ್‌ಕ್ರಾಫ್ಟ್‌ನ ಸಿಗ್ನೇಚರ್ 12 ಮತ್ತು ಸಿಗ್ನೇಚರ್ 12 ಎಂಟಿಕೆ ನೋಡಲು ಹೆಚ್ಚುಕಡಿಮೆ ಒಂದೇ. ಮೊದಲನೆಯದರ ಯುಎಸ್‌ಬಿ 2 ಇನ್, 2 ಔಟ್. ಎಂಟಿಕೆ ಎಂದಿರುವುದು 14 ಇನ್, 12 ಔಟ್. ಕೊನೆಯ ಮೂರು ಅಕ್ಷರದಲ್ಲಿ ಅಷ್ಟು ವ್ಯತ್ಯಾಸ! ಜೂಮ್ ಲೈವ್‌ಟ್ರ್ಯಾಕ್ ಎಲ್-8, ಟಾಸ್ಕ್ಯಾಮ್ ಮಾಡೆಲ್ 12 ಇಂಥವು ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಕಂಪ್ಯೂಟರ್‌ಗೂ ಕಳಿಸುತ್ತವೆ, ಎಸ್‌ಡಿ ಕಾರ್ಡ್‌ಗೂ ಬರೆಯುತ್ತವೆ. ಬೆಲೆ ಮಾತ್ರ ನಮ್ಮ ಬಜೆಟ್‌ಗೆ ನಿಲುಕುವುದಿಲ್ಲ. ಐದು ಸಾವಿರಕ್ಕೆ ಯಾರಾದರೂ ಮಲ್ಟಿಟ್ರ್ಯಾಕ್ (ಪ್ರತಿ ಚಾನೆಲ್‌ಗೂ ಬೇರೆ ಟ್ರ್ಯಾಕ್ ಕೊಡುವುದು) ಎಂದರೆ ಅನುಮಾನ ಪಡಿ.

ಅನುಮಾನ ಪರಿಹರಿಸಿಕೊಳ್ಳಲು ಒಂದು ಒಳ್ಳೆಯ ಉಪಾಯವಿದೆ. ಕಂಪನಿಯ ವೆಬ್‌ಸೈಟ್‌ನಿಂದ ಆ ಮಾಡೆಲ್‌ನ ಮ್ಯಾನುಯಲ್ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಬ್ಲಾಕ್ ಡಯಾಗ್ರಾಂ, ಅಂದರೆ ಸಿಗ್ನಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ, ಇರುತ್ತದೆ. ಅದರಲ್ಲಿ ಯುಎಸ್‌ಬಿ ಎಂದು ಬರೆದಿರುವ ಚೌಕಕ್ಕೆ ಗೆರೆ ಎಲ್ಲಿಂದ ಬಂದಿದೆ ನೋಡಿ. ‘ಮೇನ್ ಎಲ್, ಆರ್’ನಿಂದ (ಎಲ್ಲ ಸೇರಿದ ಎಡ, ಬಲ ಸದ್ದು) ಎರಡೇ ಗೆರೆ ಬಂದಿದ್ದರೆ ಎರಡೇ ಟ್ರ್ಯಾಕ್. ಪ್ರತಿ ಚಾನೆಲ್‌ನಿಂದ ಒಂದೊಂದು ಗೆರೆ ಹೊರಟಿದ್ದರೆ ಮಲ್ಟಿಟ್ರ್ಯಾಕ್. ಮ್ಯಾನುಯಲ್ಲೇ ಸಿಗದ ಮಾಡೆಲ್ ಆದರೆ ಕೈ ಹಾಕಬೇಡಿ.

ಯುಎಸ್‌ಬಿ ತೂತಿನ ಆಕಾರವನ್ನೂ ನೋಡಿ. ಪೆನ್‌ಡ್ರೈವ್ ಹಾಕುವಂಥ ಚಪ್ಪಟೆ ತೂತು ಒಂದೇ ಇದ್ದರೆ ಅದು ಹೆಚ್ಚಾಗಿ ಎಂಪಿ3 ಹಾಕಿ ಕೇಳುವುದಕ್ಕೆ ಅಥವಾ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡುವುದಕ್ಕೆ ಇರುವಂಥದು, ಲ್ಯಾಪ್‌ಟಾಪ್‌ಗೆ ಆಡಿಯೋ ಹೋಗದೇ ಇರಬಹುದು. ಲ್ಯಾಪ್‌ಟಾಪ್‌ಗೆ ಜೋಡಿಸುವವುಗಳಲ್ಲಿ ಪ್ರಿಂಟರ್‌ಗೆ ಇರುವಂಥ ಚೌಕ ತೂತು ಅಥವಾ ಟೈಪ್-ಸಿ ಇರುತ್ತದೆ. ಎರಡಕ್ಕೂ ‘ಯುಎಸ್‌ಬಿ ಮಿಕ್ಸರ್’ ಎಂದೇ ಹೆಸರಿಟ್ಟು ಮಾರುತ್ತಾರೆ.

ಈಗಾಗಲೇ ಇಂಥ ಮಿಕ್ಸರ್ ಕೊಂಡಿದ್ದೀರಾ? ಎಸೆಯಬೇಡಿ. ಪ್ರತಿ ಚಾನೆಲ್‌ಗೂ ಪ್ಯಾನ್ ತಿರುಪು (ಸದ್ದನ್ನು ಎಡಕ್ಕೋ ಬಲಕ್ಕೋ ಕಳಿಸುವುದು) ಇದ್ದರೆ ಒಂದು ದಾರಿ ಇದೆ. ಹಾಡುವವರ ಮೈಕನ್ನು ಪೂರ್ತಿ ಎಡಕ್ಕೆ, ವಾದ್ಯಗಳನ್ನೆಲ್ಲ ಪೂರ್ತಿ ಬಲಕ್ಕೆ ತಿರುಗಿಸಿ. ಎಕೋ ಪೂರ್ತಿ ಬಂದ್ ಮಾಡಿ. ರೆಕಾರ್ಡ್ ಆದ ಮೇಲೆ ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ (ಒಂಟಿ) ಟ್ರ್ಯಾಕ್ ಮಾಡಿ. ಧ್ವನಿ ಒಂದರಲ್ಲಿ, ವಾದ್ಯ ಇನ್ನೊಂದರಲ್ಲಿ ಸಿಗುತ್ತದೆ. ಒಂದೇ ಕೋಣೆಯಲ್ಲಿ ಕೂತರೆ ತಬಲಾದ ಸದ್ದು ಹಾಡುವವರ ಮೈಕ್‌ಗೂ ಸ್ವಲ್ಪ ನುಗ್ಗುತ್ತದೆ, ಆದ್ದರಿಂದ ತಬಲಾದವರನ್ನು ದೂರ ಕೂರಿಸಿ, ಹಾಡುವವರು ಮೈಕ್‌ಗೆ ಹತ್ತಿರ ಇರಲಿ. ಅಂಗಡಿಯವರು ಅವತ್ತು ಇಷ್ಟು ಹೇಳಿದ್ದರೂ ನಮ್ಮ ರೆಕಾರ್ಡಿಂಗ್ ಉಳಿಯುತ್ತಿತ್ತು.

ಹಾಗಾದರೆ ಒಬ್ಬೊಬ್ಬರಾಗಿ ರೆಕಾರ್ಡ್ ಮಾಡೋಣ, ಮೊದಲು ಹಾಡು, ಆಮೇಲೆ ಅದನ್ನು ಕೇಳಿಕೊಂಡು ತಬಲಾ ಎಂದರೆ ಅಲ್ಲೂ ತೊಂದರೆ ಬರಬಹುದು. ನಮ್ಮದರಲ್ಲಿ ಲ್ಯಾಪ್‌ಟಾಪ್‌ನಿಂದ ವಾಪಸ್ ಬರುವ ಹಾಡು ಮೇನ್ ಮಿಕ್ಸ್‌ಗೆ ಸೇರುತ್ತದೆ. ಮೇನ್ ಮಿಕ್ಸ್ ಮತ್ತೆ ಯುಎಸ್‌ಬಿಗೆ ಹೋಗುತ್ತದೆ. ಹೀಗಾಗಿ ತಬಲಾದ ಟ್ರ್ಯಾಕ್‌ನಲ್ಲಿ ಹಾಡು ಇನ್ನೊಂದು ಸಲ, ಸ್ವಲ್ಪ ತಡವಾಗಿ, ರೆಕಾರ್ಡ್ ಆಗುತ್ತದೆ. ವಾಪಸ್ ಬರುವ ಸದ್ದನ್ನು ಹೆಡ್‌ಫೋನ್‌ಗೆ ಮಾತ್ರ ಕಳಿಸುವ ಗುಂಡಿ ಇದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿ. ‘ಟು ಫೋನ್ಸ್’, ‘ಟು ಮೇನ್’ ಎಂದು ಎರಡು ಬೇರೆ ಗುಂಡಿ ಇದ್ದರೆ ಒಳ್ಳೆಯದು.

ಕಂಡೆನ್ಸರ್ ಮೈಕ್ (ಕೆಲಸ ಮಾಡಲು ಕರೆಂಟ್ ಬೇಕಾದ ಮೈಕ್) ಇಟ್ಟುಕೊಂಡಿರುವವರು ಫ್ಯಾಂಟಮ್ ಪವರ್ (ಮೈಕ್‌ನ ಕೇಬಲ್‌ನಲ್ಲೇ ಮಿಕ್ಸರ್ ಕಳಿಸುವ ಆ ಕರೆಂಟ್) ಬಗ್ಗೆ ಹುಷಾರಾಗಿರಿ. ನಮ್ಮ ಮಿಕ್ಸರ್ ಮೇಲೆ ‘48ವಿ’ ಎಂದು ದೊಡ್ಡದಾಗಿ ಬರೆದಿದೆ. ಕಂಡೆನ್ಸರ್ ಹಾಕಿದರೆ ಸದ್ದು ಬಡಕಲು, ಜೋರಾಗಿ ಹಾಡಿದರೆ ಒಡೆಯುತ್ತಿತ್ತು. ಮಾವ ನಿವೃತ್ತ ಎಲೆಕ್ಟ್ರಿಷಿಯನ್. ಅವರು ಮಲ್ಟಿಮೀಟರ್ ತಂದು ನೋಡಿದರೆ 48ರ ಅರ್ಧವೂ ಇಲ್ಲ. ನೀವೂ ನೋಡಬಹುದು. ಮೈಕ್ ತೆಗೆದು, ಎಕ್ಸ್‌ಎಲ್‌ಆರ್ ಸಾಕೆಟ್‌ನ (ಮೂರು ಪಿನ್‌ನ ಮೈಕ್ ಸಾಕೆಟ್) 1ನೇ ಪಿನ್‌ಗೂ 2ನೇ ಪಿನ್‌ಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ, ಆಮೇಲೆ 1ಕ್ಕೂ 3ಕ್ಕೂ. 44ರಿಂದ 52ರೊಳಗೆ ಇರಬೇಕು. ಎಲ್ಲ ಕಂಡೆನ್ಸರ್‌ಗಳಿಗೂ ಪೂರ್ತಿ 48 ಬೇಕೆಂದಿಲ್ಲ, ಆದರೆ ಬೇಕಾದದ್ದಕ್ಕೆ ಸಿಗದಿದ್ದರೆ ಹೀಗೇ ಆಗುವುದು. ಶೂರ್ ಎಸ್‌ಎಂ58 ತರಹದ ಡೈನಾಮಿಕ್ ಮೈಕ್‌ಗೆ ಫ್ಯಾಂಟಮ್ ಬೇಡವೇ ಬೇಡ. ಅದಕ್ಕೆ ಗೇನ್ (ಮೈಕ್‌ನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರಮಾಣ) ಜಾಸ್ತಿ ಕೊಡಬೇಕು. ಅಗ್ಗದ ಮಿಕ್ಸರ್‌ನಲ್ಲಿ ಗೇನ್ ಏರಿಸಿದರೆ ಸುಂಯ್ ಎನ್ನುವ ಸದ್ದೂ ಏರುತ್ತದೆ. ಮೆಲುದನಿಯ ತೊಟ್ಟಿಲ ಹಾಡಿನಲ್ಲಿ ಅದು ತುಂಬಾ ಕಾಡುತ್ತದೆ.

ಇನ್ನು ‘ಗುಂಯ್’ ಎನ್ನುವ ಹಮ್. ನಮ್ಮ ಕರೆಂಟ್ 50 ಹರ್ಟ್ಸ್, ಆ ಸದ್ದೇ ರೆಕಾರ್ಡಿಂಗ್‌ನಲ್ಲಿ ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಮಿಕ್ಸರ್, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕುವುದರಿಂದಲೂ ಕಡಿಮೆಯಾಗಬಹುದು. ಆದರೆ ‘ಮೂರನೇ ಪಿನ್ ಕಿತ್ತುಬಿಡಿ, ಹಮ್ ಹೋಗತ್ತೆ’ ಎಂದು ಯಾರು ಹೇಳಿದರೂ ಕೇಳಬೇಡಿ. ಅದು ಅರ್ಥಿಂಗ್. ಹಾಡುವವರ ತುಟಿ ಮೈಕ್‌ನ ಲೋಹಕ್ಕೆ ತಾಗುತ್ತದೆ. ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ನನ್ನ ಅಭಿಪ್ರಾಯ ಕೇಳುವುದಾದರೆ, ಒಬ್ಬರು ಅಥವಾ ಇಬ್ಬರು ಹಾಡಿ ರೆಕಾರ್ಡ್ ಮಾಡುವವರಿಗೆ ಮಿಕ್ಸರ್ ಬೇಕಾಗಿಯೇ ಇಲ್ಲ. ಎರಡು ಮೈಕ್ ಹಾಕುವ ಆಡಿಯೋ ಇಂಟರ್‌ಫೇಸ್ (ಮೈಕ್‌ನ ಸದ್ದನ್ನು ಕಲಸದೆ ಕಂಪ್ಯೂಟರ್‌ಗೆ ಕಳಿಸುವ ಸಣ್ಣ ಸಾಧನ) ಸಾಕು. ನಾವು ಆಮೇಲೆ ತಂದದ್ದು ಅದೇ, ಸೆಕೆಂಡ್ ಹ್ಯಾಂಡ್. ಗುಂಡಿಗಳು ಕಡಿಮೆ, ನೋಡಲು ಏನೂ ಇಲ್ಲ. ಆದರೆ ಎರಡು ಮೈಕ್ ಹಾಕಿದರೆ ಎರಡೂ ಬೇರೆ ಬೇರೆ ಬರುತ್ತವೆ, ಎಕೋ ಸೇರುವುದಿಲ್ಲ, ಒಂದರ ಮೇಲೊಂದು ರೆಕಾರ್ಡ್ ಮಾಡಬಹುದು. ಲೈವ್ ಮಾಡುವವರಿಗೆ, ಭಜನೆ ಮಂಡಳಿಯವರಿಗೆ ಮಿಕ್ಸರ್ ಸರಿ. ನಮ್ಮದನ್ನೂ ಬೀದಿಯ ಭಜನೆಗೆ ಕೊಟ್ಟಿದ್ದೇವೆ, ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅತ್ತೆಯನ್ನು ಮತ್ತೆ ಕರೆಸಿ ಕೆಲವು ಹಾಡು ರೆಕಾರ್ಡ್ ಮಾಡಿಕೊಂಡೆವು. ಆದರೆ ಅವರಿಗೆ ಈಗ ಉಸಿರು ಸಾಲದು. ಬೀಗರ ಹಾಡಿನ ಮೇಲಿನ ಸ್ವರಕ್ಕೆ ಹೋಗಲು ಆಗುವುದಿಲ್ಲ. ಆ ಹಾಡಿಗೆ ನಮ್ಮ ಬಳಿ ಇರುವುದು ಕೆಟ್ಟುಹೋದ ರೆಕಾರ್ಡಿಂಗ್ ಮಾತ್ರ. ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ.

ದುಡ್ಡಿನ ವಿಷಯ. ವಾಪಸ್ ಕೊಡಲು ಹೋದಾಗ ಅಂಗಡಿಯವರು ಬಿಲ್ಲಿನ ಕೆಳಗೆ ಬರೆದಿದ್ದ ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಸಾಲು ತೋರಿಸಿದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಗಟ್ಟಿ. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೂ ಮಾರಿದವರು ವಾಪಸ್ ತೆಗೆದುಕೊಳ್ಳಲೇಬೇಕು. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಅಂಗಡಿಯವರು “ನಾವು ಹಾಗೆ ಹೇಳೇ ಇಲ್ಲ” ಎಂದುಬಿಟ್ಟರು. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಇಲ್ಲದೆ ಬರೀ ‘ಮಿಕ್ಸರ್ 1’ ಎಂದಿತ್ತು. ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಯಾವುದೂ ಇರಲಿಲ್ಲ. ಹೊರದೇಶದಿಂದ ಬಂದ ಮಾಲಿನ ಪೆಟ್ಟಿಗೆಯ ಮೇಲೆ ಇವೆಲ್ಲ ಇರಬೇಕೆಂಬ ನಿಯಮವಿದೆ. ದುಡ್ಡು ಬರಲಿಲ್ಲ.

ಆದ್ದರಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ಗೇ ಹೋಗಿ, ನಿಮ್ಮ ಊರಿನ ಅಂಗಡಿಗೇ ಹೋಗಿ, ಲ್ಯಾಪ್‌ಟಾಪ್ ಜೊತೆಗಿರಲಿ. ನಾಲ್ಕು ಮೈಕ್ ಹಾಕಿಸಿ ಅಲ್ಲೇ ರೆಕಾರ್ಡ್ ಮಾಡಿ ಕೇಳಿ. ಬಿಲ್ಲಿನಲ್ಲಿ ಕಂಪನಿ, ಮಾಡೆಲ್ ಬರೆಸಿ. ದುಡ್ಡು ಕೊಡುವ ಮುಂಚೆ ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ: “ಈ ಮಾಡೆಲ್‌ಗೆ ನಾಲ್ಕು ಮೈಕ್ ಹಾಕಿದರೆ ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ನಾಲ್ಕು ಬೇರೆ ಟ್ರ್ಯಾಕ್ ಬರುತ್ತವೆಯೇ? ಬರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ?” ಎರಡಕ್ಕೂ ‘ಹೌದು’ ಎಂದು ಬರಹದಲ್ಲಿ ಬರುವವರೆಗೆ ದುಡ್ಡು ಕೊಡಬೇಡಿ.