ಟೆಕ್ಸ್‌ಲೈವ್ ಫುಲ್ ಮತ್ತ ಟೈನಿಟೆಕ್ಸ್: ಎರಡೂ ಹಾಕಿ, ತೆಗೆದು ನೋಡೀನಿ

ಎರಡೂ ಲಾಟೆಕ್ಸ್ ಅನ್ನೋ ಪುಟ ಜೋಡಿಸೋ ತಂತ್ರಾಂಶವನ್ನ ಕಂಪ್ಯೂಟರಿಗೆ ಹಾಕೋ ಕಟ್ಟುಗಳು, ಫುಲ್ ದೊಡ್ಡದು, ಟೈನಿ ಸಣ್ಣದು. ಮೊದಲೇ ಹೇಳಿಬಿಡ್ತೀನಿ, ನನ್ನ ಲ್ಯಾಪ್‌ಟಾಪಿನಾಗ ಈಗ ಉಳಿದಿದ್ದು ಟೈನಿಟೆಕ್ಸ್. ಕಲಬುರಗಿಯಾಗ ನಮ್ಮ ಕಡಿ ತೊಗರಿ ಬೆಳೆಯೋರಿಗಂತ 40 ಪುಟದ ಕನ್ನಡ ಕೈಪಿಡಿ ಮಾಡ್ಲಕತ್ತಿದ್ದೆ, ತುಂಬ ಕೋಷ್ಟಕ, ಮೊದಲಿನ ಎಡಿಟರ್‌ನಾಗ ಒಂದು ಸಾಲು ಸೇರಿಸಿದ್ರ ಮುಂದಿನ ಪುಟ ಎಲ್ಲಾ ಜಾರಿ ಹೋಗ್ತಿದ್ವು, ಅದಕ್ಕ ಲಾಟೆಕ್ಸ್‌ಗೆ ಬಂದೆ.

ಯಾರಿಗ ಕೇಳಿದ್ರೂ ಫುಲ್ ಹಾಕ್ಕೋ, ಆಮ್ಯಾಲ ತಲೆನೋವಿಲ್ಲ ಅಂದ್ರು. ಉಬುಂಟು 20.04 (ಲಿನಕ್ಸ್) ಇತ್ತು, ಟರ್ಮಿನಲ್ ತೆಗೆದು, ಪ್ಯಾಕೇಜ್ ಹಾಕೋ ತೆಗೆಯೋ ಆಪ್ಟ್ ಕಮಾಂಡ್‌ನಿಂದ ಸುಡೋ ಆಪ್ಟ್ ಇನ್‌ಸ್ಟಾಲ್ ಟೆಕ್ಸ್‌ಲೈವ್-ಫುಲ್ ಅಂತ ಹೊಡೆದೆ. ಡೌನ್‌ಲೋಡೇ 2 ಜಿಬಿ ದಾಟ್ತದ, ಬಿಚ್ಚಿದ ಮ್ಯಾಲ 5 ಜಿಬಿಗಿಂತ ಜಾಸ್ತಿ. ನಂದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕ ಒಂದೂವರೆ ಜಿಬಿ, ಅಂದ್ರ ಎರಡು ದಿನ ಹಿಡೀತು.

ಎರಡನೇ ರಾತ್ರಿ ಕಾನ್‌ಟೆಕ್ಸ್ಟ್ ಮಾರ್ಕ್‌ಫೋರ್ (ಅದೇ ಕಟ್ಟಿನಾಗ ಬರೋ ಇನ್ನೊಂದು ಪುಟ ಜೋಡಿಸೋ ತಂತ್ರಾಂಶ) ಫಾರ್ಮ್ಯಾಟ್ ತಯಾರಾಗ್ಲಕತ್ತದ, ಸ್ವಲ್ಪ ಟೈಮ್ ಹಿಡೀತದ ಅನ್ನೋ ಸಾಲು ಬಂದು ಅಲ್ಲೇ ನಿಂತುಬಿಟ್ಟಿತು. ಅರ್ಧ ತಾಸು ಆತು, ಒಂದು ತಾಸು ಆತು, ಫ್ಯಾನ್ ಸಪ್ಪಳನೂ ಇಲ್ಲ. ಬ್ಯಾಟರಿ ಹಳೇದು, ಬ್ಯಾಸಿಗಿಯಾಗ ಕರೆಂಟ್ ಯಾವಾಗ ಹೋಗ್ತದೋ ಅಂತ ಅಂಜಿ ಕಂಟ್ರೋಲ್ ಸಿ ಒತ್ತಿದೆ. ಅದೇ ತಪ್ಪಾತು. ಮುಂದ ಯಾವ ಪ್ಯಾಕೇಜ್ ಹಾಕ್ಲಿಕ್ಕ ಹೋದ್ರೂ ಡಿಪಿಕೆಜಿ (ಆಪ್ಟ್ ಹಿಂದ ಪ್ಯಾಕೇಜ್ ಕೂಡಿಸೋ ಸಾಧನ) ನಡುವ ನಿಂತದ, ಮೊದಲು ಸುಡೋ ಡಿಪಿಕೆಜಿ ಹೈಫನ್ ಹೈಫನ್ ಕಾನ್‌ಫಿಗರ್ ಹೈಫನ್ ಎ ಓಡಿಸು ಅಂತ ಬೈತಿತ್ತು, ಓಡಿಸಿದ್ರ ಮತ್ತ ಅದೇ ಜಾಗಕ್ಕ ಬಂದು ನಿಲ್ತಿತ್ತು.

ಕಡೀಕ ಗೊತ್ತಾತು, ಅಲ್ಲಿ ಎಂಟರ್ ಕೀ ಒತ್ತಿ ಹಿಡೀಬೇಕು. ಅಷ್ಟೇ. ಸ್ಕ್ರೀನ್ ಮ್ಯಾಲ ಏನೂ ಕೇಳಂಗಿಲ್ಲ, ಒಳಗ ಮಾತ್ರ ಅದು ಎಂಟರ್‌ಗೆ ಕಾಯ್ತಿರ್ತದ. ಒತ್ತಿದೆ, ಮುಂದ ಹೋತು. ಈ ಒಂದು ಮಾತು ಮೊದಲೇ ಯಾರಾರ ಹೇಳಿದ್ರ ಎರಡು ರಾತ್ರಿ ಉಳೀತಿದ್ವು, ಅದಕ್ಕ ಇಷ್ಟುದ್ದ ಬರದೀನಿ.

ತೆಗೆಯೋದು ಇನ್ನೊಂದು ಕತಿ. ಆಪ್ಟ್ ರಿಮೂವ್ ಟೆಕ್ಸ್‌ಲೈವ್-ಫುಲ್ ಅಂದ್ರ ಬರೇ ಕೆಲವು ಕೆಬಿ ಖಾಲಿ ಆಗ್ತದ, ಯಾಕಂದ್ರ ಫುಲ್ ಅನ್ನೋದು ಒಳಗ ಏನೂ ಇಲ್ಲದ ಮೆಟಾಪ್ಯಾಕೇಜ್, ಉಳಿದವನ್ನ ಎಳಕೊಂಡು ಬರೋದಷ್ಟೇ ಅದರ ಕೆಲಸ. ಬ್ಯಾಡಾದವನ್ನ ತಾನೇ ತೆಗೆಯೋ ಆಟೋರಿಮೂವ್ ಕೊಟ್ರ ಬಾಳಷ್ಟು ಹೋಗ್ತಾವ, ಆದ್ರ ಬ್ಯಾರೆ ಯಾವುದಾರ ಪ್ಯಾಕೇಜ್ ಸಜೆಸ್ಟ್ ಮಾಡಿದ್ದು ಇದ್ರ ಅದನ್ನ ಆಪ್ಟ್ ಇಟ್ಕೋತದ, ನೀವೇ ಹೆಸರು ಹೇಳಿ ಹಾಕಿದ್ದನ್ನಂತೂ ಮುಟ್ಟಂಗಿಲ್ಲ. ಆಪ್ಟ್ ಪರ್ಜ್ ಅಂತ ಹೇಳಿ ಟೆಕ್ಸ್‌ಲೈವ್ ಹೆಸರಿನ ಕಡೀಕ ನಕ್ಷತ್ರ ಚಿಹ್ನೆ ಹಾಕಿ, ಒಟ್ಟಿಗೆ ಕೋಟ್‌ನಾಗ ಬರೀರಿ, ಪಟ್ಟಿ ಪೂರ್ತಿ ಓದೇ ಯಸ್ ಅನ್ರಿ.

ಟೈನಿಟೆಕ್ಸ್ ಯಿಹುಯಿ ಶಿಯೆ ಅನ್ನೋರು ಮಾಡಿದ್ದು, ಟೆಕ್ಸ್‌ಲೈವ್‌ನದೇ ಸಣ್ಣ ರೂಪ. ಒಂದೇ ಸಾಲಿನ ವಿಗೆಟ್ (ಡೌನ್‌ಲೋಡ್ ಕಮಾಂಡ್), ಸುಡೋ ಅಂದ್ರ ಅಡ್ಮಿನ್ ಅಧಿಕಾರ ಬೇಕಾಗಿಲ್ಲ, ಒಂದು ದಿನದ ಡೇಟಾದಾಗ ಮುಗೀತು. ಹಾಕಿದ ಮ್ಯಾಲ ಒಮ್ಮೆ ಲಾಗೌಟ್ ಆಗಿ ಬಂದೆ, ಇಲ್ಲಾಂದ್ರ ಕಮಾಂಡ್ ಸಿಗ್ತಿರಲಿಲ್ಲ. ಪಾಲಿಗ್ಲಾಸಿಯಾ (ಬ್ಯಾರೆ ಬ್ಯಾರೆ ಭಾಷೆಗೆ ಬೇಕಾಗೋ ಪ್ಯಾಕೇಜ್) ಸಿಗಲಿಲ್ಲ ಅಂತು, ಟೆಕ್ಸ್‌ಲೈವ್‌ನ ಪ್ಯಾಕೇಜ್ ತರೋ ಕಮಾಂಡ್‌ನಾಗ ಟಿಎಲ್‌ಎಂಜಿಆರ್ ಇನ್‌ಸ್ಟಾಲ್ ಪಾಲಿಗ್ಲಾಸಿಯಾ ಅಂದೆ, ಬಂತು. ಹಿಂಗ ನಾಲ್ಕೈದು ಸಲ ಆತು, ಆಮ್ಯಾಲ ಇಲ್ಲ.

ಕನ್ನಡ ಅಕ್ಷರ ಎರಡರಾಗೂ ಒಂದೇ: ಝೀಲಾಟೆಕ್ಸ್‌ನಿಂದ (ಯುನಿಕೋಡ್ ಫಾಂಟ್ ಓದೋ ಲಾಟೆಕ್ಸ್) ಕಂಪೈಲ್ ಮಾಡ್ರಿ, ಫಾಂಟ್ ನೋಟೋ ಸೆರಿಫ್ ಕನ್ನಡ, ಫಾಂಟ್ ಆರಿಸೋ ಫಾಂಟ್‌ಸ್ಪೆಕ್ ಪ್ಯಾಕೇಜ್‌ನಾಗ ಸ್ಕ್ರಿಪ್ಟ್ ಕನ್ನಡ ಅಂತ ಬರೀರಿ, ಮರೆತ್ರ ಒತ್ತಕ್ಷರ ಬಿಡಿಬಿಡಿ ಆಗ್ತಾವ.

ಟೈನಿಟೆಕ್ಸ್‌ನಾಗ ಒಂದೇ ಕೊರತೆ, ವರ್ಷಕ್ಕೊಮ್ಮೆ ಟೆಕ್ಸ್‌ಲೈವ್ ಹೊಸ ಆವೃತ್ತಿ ಬಂದ ಕೂಡಲೇ ಹಳೇ ಟಿಎಲ್‌ಎಂಜಿಆರ್ ಹೊಸ ಪ್ಯಾಕೇಜ್ ತರಂಗಿಲ್ಲ. ನಾ ಟಿಎಲ್‌ಎಂಜಿಆರ್ ಪಾಥ್ ರಿಮೂವ್ ಕೊಟ್ಟು, ಹೋಮ್‌ನಾಗ ಬಚ್ಚಿಟ್ಟಿರೋ ಅದರ ಫೋಲ್ಡರ್ ಅಳಿಸಿ ಹೊಸದು ಹಾಕ್ಕೋತೀನಿ. ಎರಡು ಕಮಾಂಡ್‌ನಾಗ ಪೂರಾ ಸ್ವಚ್ಛ.

128 ಜಿಬಿ ಡಿಸ್ಕು, ಹಾಟ್‌ಸ್ಪಾಟ್ ಇಂಟರ್ನೆಟ್, ವರ್ಷಕ್ಕ ಎರಡು ಪುಸ್ತಿಕೆ, ನನಗ ಇದೇ ಸಾಕು. ನಿಮ್ಮ ಮನ್ಯಾಗ ಫೈಬರ್ ಇದ್ದು, ದಿನಾ ಬ್ಯಾರೆ ಬ್ಯಾರೆಯವರ ಫೈಲ್ ಕಂಪೈಲ್ ಮಾಡೋರಿದ್ರ ಫುಲ್ಲೇ ಹಾಕ್ರಿ, ಎಂಟರ್ ಕೀ ಒಂದು ನೆನಪಿರಲಿ.