ಜಯನಗರದ ಫಿಸಿಯೋಥೆರಪಿ ಸೆಂಟರ್: ಅಮ್ಮನ ಮಾತು ಪೂರ್ತಿ ಕೇಳಿದರು

ಅಮ್ಮನಿಗೆ ಪಾರ್ಕಿನ್ಸನ್ ಇದೆ. ಈಚೆಗೆ ಎಡಗೈಗೆ ಬೇರೆ ಥರದ ನಡುಕ ಶುರುವಾಯಿತು. ಮಾತ್ರೆ ಜಾಸ್ತಿ ಮಾಡಿದರೂ ಕಡಿಮೆಯಾಗಲಿಲ್ಲ. ಒಂದು ಕಡೆ ‘ಸುಮ್ನೆ ಟೆನ್ಷನ್’ ಎಂದು ಕಳಿಸಿಬಿಟ್ಟರು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ನಮ್ಮ ನ್ಯೂರಾಲಜಿಸ್ಟ್ ಈ ಸೆಂಟರಿಗೆ ಬರೆದುಕೊಟ್ಟರು. ಇಲ್ಲಿನ ಮೇಡಂ ಅಮ್ಮನ ಬಲಗೈಯಲ್ಲಿ ತಾಳ ಹಾಕಿಸಿದರು. ಎಡಗೈ ನಡುಕವೂ ಅದೇ ತಾಳಕ್ಕೆ ಬಂತು! 100ರಿಂದ ಏಳೇಳು ಕಳೆಯಲು ಹೇಳಿದಾಗ ನಿಂತೇ ಹೋಯಿತು. ಪಾರ್ಕಿನ್ಸನ್ ನಡುಕವಾದರೆ ಇಂಥ ಲೆಕ್ಕ ಮಾಡುವಾಗ ಸಾಮಾನ್ಯವಾಗಿ ಹೆಚ್ಚುತ್ತದೆ. ಅಮ್ಮನಿಗೆ ಬಂದಂಥ ಈ ನಡುಕವನ್ನು ಫಂಕ್ಷನಲ್ ಲಕ್ಷಣ ಅನ್ನುತ್ತಾರೆ, ಅಂದರೆ ಮೆದುಳು ಕೈಯನ್ನು ನಡೆಸುವ ರೀತಿಯಲ್ಲಿ ಆಗುವ ಏರುಪೇರು. ಪಾರ್ಕಿನ್ಸನ್ ಜೊತೆಗೇ ಬರಬಹುದು, ಕೆಲವರಿಗೆ ಅದಕ್ಕೂ ಮೊದಲೇ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಜಾಸ್ತಿ ಮಾಡಿದರೆ ಇದು ಹೋಗುವುದಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಬಹುದು. ಹಾಗಂತ ಡೋಸ್ ನಾವೇ ಬದಲಿಸಬಾರದು, ಅದು ಡಾಕ್ಟರ್ ಕೆಲಸ.

“ನೀವು ನಾಟಕ ಮಾಡ್ತಿಲ್ಲ ಅಮ್ಮಾ, ಕೈ ನಿಜವಾಗಿಯೂ ನಡುಗ್ತಿದೆ” ಎಂದರು ಮೇಡಂ. ಅಮ್ಮ ಅತ್ತರು. ನನಗೆ ಈ ಒಂದು ಮಾತಿಗೇ ಅವರ ಮೇಲೆ ಗೌರವ ಹುಟ್ಟಿತು.

ವ್ಯಾಯಾಮವೂ ಚೆನ್ನಾಗಿದೆ. ಕೈಯ ಮೇಲಿನ ಗಮನ ಬೇರೆಡೆ ತಿರುಗಿಸುವುದೇ ಮುಖ್ಯ. ಅಮ್ಮ ದೇವರನಾಮ ಹಾಡುತ್ತಾ ಲೋಟ ಎತ್ತುತ್ತಾರೆ. ನಡುಕ ಪೂರ್ತಿ ಹೋಗಿಲ್ಲ, ಆದರೆ ಕಾಫಿ ಚೆಲ್ಲುವುದು ಕಡಿಮೆಯಾಗಿದೆ.

ಒಂದೇ ಬೇಸರ: ಸೆಂಟರ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಇಂಥ ರೋಗಿಗಳಿಗೆ ಮೆಟ್ಟಿಲು ಎಷ್ಟು ಕಷ್ಟ ಅಲ್ವಾ? ಪಾರ್ಕಿಂಗ್ ಕೂಡ ಸಿಗುವುದಿಲ್ಲ, ಆಟೋದಲ್ಲೇ ಬನ್ನಿ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿಗೆ ಅಪಾಯಿಂಟ್‌ಮೆಂಟ್ ಕೇಳಿ, ಕೊಡುತ್ತಾರೆ.